ಅಗ್ನಿಯೂ ಕರ್ಮಫಲವೂ

ನಮ್ಮ ವೈದಿಕ ಪರಂಪರೆಯಲ್ಲಿ ಅಗ್ನಿಗೆ ಸಂದಷ್ಟು ನಿತ್ಯಸಾನ್ನಿಧ್ಯವು ಮಿಕ್ಕ ಯಾವ ದೇವತೆಗೂ ಸಂದಂತೆ ಕಾಣುವುದಿಲ್ಲ. ಋಗ್ವೇದದ ಮೊದಲ ಸೂಕ್ತವು ಅವನದು. ಮನುಷ್ಯನಿತ್ತ ಹವಿಸ್ಸನ್ನು ದೇವತೆಗಳಿಗೆ ಮುಟ್ಟಿಸುವ ದೂತನು ಅವನು. ವಧೂವರರು ಏಳು ಹೆಜ್ಜೆಗಳನ್ನಿಟ್ಟು ಮಾತು ಕೊಟ್ಟುಕೊಳ್ಳುವಾಗ ಸಾಕ್ಷಿಯಾಗಿ ಉರಿಯುವವನು ಅವನು. ಕಟ್ಟಕಡೆಗೆ ಈ ದೇಹವನ್ನು ಸ್ವೀಕರಿಸುವವನೂ ಅವನೇ. ಇಂಥ ಅಗ್ನಿಯು ಒಂದು ಮನೆಯ ಅಡಿಗೆಕೋಣೆಯಲ್ಲಿ, ಮಂತ್ರವಿಲ್ಲದೆ, ಸಂಕಲ್ಪವಿಲ್ಲದೆ, ಇಪ್ಪತ್ತು ದಾಟದ ಹೆಣ್ಣುಮಗಳೊಬ್ಬಳ ಸೆರಗನ್ನು ಹಿಡಿದಾಗ, ಅಥವಾ ಬಚ್ಚಲಿನ ಕುದಿನೀರಿನಲ್ಲಿ ಅಡಗಿದ್ದು ಎರಡು ವರ್ಷದ ಕೂಸಿನ ಮೈಮೇಲೆ ಸುರಿದಾಗ, ಅದನ್ನು ನಾವು ಏನೆಂದು ತಿಳಿಯಬೇಕು? ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳು ಈ ಪ್ರಶ್ನೆಯನ್ನು ಕೇಳದೆ ಇರುವುದಿಲ್ಲ. "ಹಿಂದೆ ಏನು ಮಾಡಿತ್ತೋ", "ಪಡೆದುಕೊಂಡು ಬಂದದ್ದು" ಎಂದು ಉತ್ತರವನ್ನೂ ತಾವೇ ಹೇಳಿಕೊಳ್ಳುತ್ತಾರೆ. ಆ ಉತ್ತರಕ್ಕೆ ಧರ್ಮದ ಒಪ್ಪಿಗೆಯುಂಟೆ, ನಮ್ಮ ಶಾಸ್ತ್ರಗಳು ನಿಜವಾಗಿ ಹಾಗೆ ಹೇಳುತ್ತವೆಯೆ ಎಂಬುದು ಇಲ್ಲಿ ನನ್ನ ವಿಚಾರದ ವಿಷಯ.

ಮೊದಲು ಬೆಂಕಿಯ ಸ್ವಭಾವವನ್ನು ನೋಡೋಣ. ಚರ್ಮವು ಬೇಯುವುದಕ್ಕೆ ಎರಡೇ ಸಂಗತಿಗಳು ಸಾಕು: ಶಾಖದ ಪ್ರಮಾಣ, ಅದು ತಗುಲಿಕೊಂಡಿದ್ದ ಕಾಲ. 44 ಡಿಗ್ರಿಯ ಶಾಖಕ್ಕೆ ಚರ್ಮವನ್ನು ಕೆಡಿಸಲು ಸುಮಾರು ಆರು ಗಂಟೆ ಹಿಡಿಯುತ್ತದೆ. 60 ಡಿಗ್ರಿಯ ನೀರಿಗೆ ಐದು ಸೆಕೆಂಡು ಸಾಕು. 70 ಡಿಗ್ರಿಗೆ ಒಂದೇ ಸೆಕೆಂಡು. ಮೋರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಮಕ್ಕಳ ಮತ್ತು ಮುದುಕರ ಚರ್ಮ ತೆಳುವಾದದ್ದರಿಂದ ಅವರಿಗೆ ಇನ್ನೂ ಕಡಮೆ ಸಮಯ ಸಾಕು. ಈ ಲೆಕ್ಕದಲ್ಲಿ ಪುಣ್ಯವಂತನಿಗೊಂದು ಕೋಷ್ಟಕ, ಪಾಪಿಗೊಂದು ಕೋಷ್ಟಕ ಎಂಬುದಿಲ್ಲ. ನಮ್ಮ ಮೈಸೂರು ಸೀಮೆಯ ಹಳ್ಳಿಗಳ ಜಾತ್ರೆಗಳಲ್ಲಿ ಭಕ್ತರು ಕೊಂಡ ಹಾಯುವುದನ್ನು ಕಂಡವರು ಇದಕ್ಕೆ ಆಕ್ಷೇಪವನ್ನು ಎತ್ತಬಹುದು. ಆದರೆ ಬೂದಿ ಮುಸುಕಿದ ಇದ್ದಿಲ ಕೆಂಡವು ಶಾಖವನ್ನು ಮೆಲ್ಲನೆ ಬಿಟ್ಟುಕೊಡತಕ್ಕ ವಸ್ತು. ಬಿರುಸಾಗಿ ನಡೆಯುವ ಅಂಗಾಲು ಅದರ ಮೇಲೆ ನಿಲ್ಲುವುದು ಕ್ಷಣಮಾತ್ರ. ಅದೇ ಭಕ್ತನು ಎಡವಿ ಕೊಂಡದಲ್ಲಿ ಬಿದ್ದನಾದರೆ ಅವನ ಭಕ್ತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲದಿದ್ದರೂ ಅವನು ಸುಡುತ್ತಾನೆ. ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಭಾಗದಲ್ಲಿ ಪ್ರಮಾಣವಿಚಾರವನ್ನು ಮಾಡುತ್ತ, ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂಬ ಅರ್ಥದ ಮಾತನ್ನಾಡಿದ್ದಾರೆ. ವೇದವನ್ನು ಪರಮಪ್ರಮಾಣವೆಂದು ನಂಬಿದ ಮಹಾಪುರುಷರೊಬ್ಬರು, ವೇದಕ್ಕೂ ಮೀರಿ ನಿಲ್ಲುವ ಪ್ರತ್ಯಕ್ಷಕ್ಕೆ ನಿದರ್ಶನವಾಗಿ ಬೆಂಕಿಯ ಬಿಸಿಯನ್ನೇ ಆರಿಸಿಕೊಂಡರೆಂಬುದನ್ನು ನಾವು ಮರೆಯಬಾರದು.

ಹಾನಿಯ ಅಳತೆಯೂ ಇಷ್ಟೇ ನಿಷ್ಪಕ್ಷಪಾತವಾದುದು. ವಾರ್ಡಿಗೆ ರೋಗಿಯು ಬಂದೊಡನೆ ವೈದ್ಯನು ಒಂದು ಹಾಳೆಯನ್ನು ತೆಗೆದುಕೊಳ್ಳುತ್ತಾನೆ; ಅದರ ಮೇಲೆ ಮನುಷ್ಯಾಕೃತಿಯ ಎರಡು ರೇಖಾಚಿತ್ರಗಳಿರುತ್ತವೆ, ಒಂದು ಮುಂಭಾಗದ್ದು, ಒಂದು ಹಿಂಭಾಗದ್ದು; ಅವಕ್ಕೆ ಕಣ್ಣು ಮೂಗುಗಳಿಲ್ಲ, ಉಡುಪಿಲ್ಲ. ಎಲ್ಲೆಲ್ಲಿ ಸುಟ್ಟಿದೆಯೋ ಅಲ್ಲಲ್ಲಿ ಅವನು ಪೆನ್ನಿನಿಂದ ಗೀಚಿ ತುಂಬುತ್ತ ಹೋಗುತ್ತಾನೆ. ವಯಸ್ಕರಲ್ಲಿ ತಲೆ ಕುತ್ತಿಗೆಗೆ 9, ಒಂದೊಂದು ತೋಳಿಗೆ 9, ಎದೆಹೊಟ್ಟೆಗೆ 18, ಬೆನ್ನಿಗೆ 18, ಒಂದೊಂದು ಕಾಲಿಗೆ 18, ಗುಹ್ಯಭಾಗಕ್ಕೆ 1 ಎಂದು ಕೂಡಿದರೆ ನೂರಾಗುತ್ತದೆ. ಅಲ್ಲಲ್ಲಿ ಚದುರಿದ ಸಣ್ಣ ಗಾಯಗಳಿಗೆ ರೋಗಿಯ ಅಂಗೈಯೇ ಅಳತೆ, ಬೆರಳುಗಳೂ ಸೇರಿ ಅದು ಅವನ ಮೈಯ ನೂರರಲ್ಲಿ ಒಂದು ಪಾಲು. ಹೊರಗೆ ಕಾದವರಿಗೆ "ಅರವತ್ತು ಪರ್ಸೆಂಟು" ಎಂದು ತಿಳಿಸುವ ಅಂಕೆ ಹುಟ್ಟುವುದು ಹೀಗೆ. ವಯಸ್ಸಿಗೆ ಈ ಅಂಕೆಯನ್ನು ಕೂಡಿಸಿ ಬದುಕಿನ ಸಂಭವವನ್ನು ಅಂದಾಜು ಮಾಡುವ ಒಂದು ಹಳೆಯ ಕ್ರಮವೂ ಉಂಟು. ಹೊಗೆಯು ಶ್ವಾಸನಾಳವನ್ನು ಹೊಕ್ಕಿದ್ದರೆ ಆ ಅಂದಾಜು ಇನ್ನೂ ಕೆಳಗಿಳಿಯುತ್ತದೆ.

ವಿಸ್ತಾರದಂತೆ ಆಳವೂ ಮುಖ್ಯ. ಮೇಲ್ಪದರ ಮಾತ್ರ ಬೆಂದರೆ ಕೆಂಪಾಗಿ ಉರಿಯುತ್ತದೆ; ಅದರ ಕೆಳಗಣ ಪದರಕ್ಕೆ ತಗುಲಿದರೆ ಬೊಬ್ಬೆಯೇಳುತ್ತದೆ, ನೋವು ಸಹಿಸಲಸಾಧ್ಯ; ಚರ್ಮವು ಪೂರ್ತಿಯಾಗಿ ಬೆಂದಲ್ಲಿಯಾದರೋ ನರಗಳೂ ಸುಟ್ಟುಹೋಗಿ ನೋವೇ ಇರುವುದಿಲ್ಲ, ಆ ಜಾಗವು ತೊಗಲಿನಂತೆ ಬಿರುಸಾಗಿ, ಬಿಳಿಚಿಯೋ ಕಂದಿಯೋ ಇರುತ್ತದೆ. ಆದಕಾರಣ ಅತಿ ಹೆಚ್ಚು ಸುಟ್ಟವರು ಮೊದಲ ದಿನ ಎಚ್ಚರವಾಗಿದ್ದು ನೀರು ಕೇಳುತ್ತಾರೆ, ಮಕ್ಕಳು ಉಂಡರೆ ಎಂದು ವಿಚಾರಿಸುತ್ತಾರೆ. ಬಂಧುಗಳಿಗೆ ಜೀವ ಬಂದಂತಾಗುತ್ತದೆ. ಆದರೆ ಒಳಗೆ ರಕ್ತದ ನೀರಿನಂಶವು ರಕ್ತನಾಳಗಳಿಂದ ಸೋರಿ ಹೋಗುತ್ತಿರುತ್ತದೆ. ಐವತ್ತು ಕಿಲೋ ತೂಕದ ಹೆಂಗಸಿಗೆ ನೂರಕ್ಕೆ ನಲವತ್ತು ಸುಟ್ಟಿದ್ದರೆ ಮೊದಲ 24 ಗಂಟೆಗಳಲ್ಲಿ ಸುಮಾರು 8 ಲೀಟರು ದ್ರವವನ್ನು ಕೊಡಬೇಕಾಗುತ್ತದೆ, ಅದರಲ್ಲಿ ಅರ್ಧವನ್ನು ಮೊದಲ ಎಂಟು ಗಂಟೆಗಳೊಳಗೆ. ಅದನ್ನು ದಾಟಿದವರಿಗೆ ಕೆಲವು ದಿನಗಳ ಮೇಲೆ ನಂಜು ಎದುರಾಗುತ್ತದೆ, ಏಕೆಂದರೆ ಹೊರಗಿನ ಜಗತ್ತನ್ನು ತಡೆಯುತ್ತಿದ್ದ ಗೋಡೆಯೇ ಇಲ್ಲವಾಗಿರುತ್ತದೆ. "ನಿನ್ನೆ ಚೆನ್ನಾಗಿ ಮಾತಾಡುತ್ತಿದ್ದಳಲ್ಲ" ಎಂಬ ಉದ್ಗಾರವು ಈ ವಾರ್ಡುಗಳಲ್ಲಿ ಕೇಳಿಬರುವಷ್ಟು ಬೇರೆಲ್ಲಿಯೂ ಕೇಳಿಬರಲಾರದು. ಅದನ್ನು ದೈವದ ಕೊನೆಯ ಕ್ರೌರ್ಯವೆಂದು ಬಗೆಯುವವರಿದ್ದಾರೆ; ಅದು ಆಳವಾದ ಗಾಯದ ಸಹಜವಾದ ನಡೆ.

ಹೀಗಿದ್ದೂ ಬೆಂಕಿಯು ವಿವೇಚನೆ ಮಾಡುತ್ತದೆ, ಶುದ್ಧರನ್ನು ಬಿಟ್ಟು ಅಶುದ್ಧರನ್ನು ಸುಡುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರಹ್ಲಾದನು ಉಳಿದು ಹೋಲಿಕಾ ಉರಿದಳು. ಸೀತೆ ಬೆಂಕಿಯನ್ನು ಹೊಕ್ಕು ಹೊರಬಂದಳು. ಜೈನರ ರಾಮಕಥೆಯಲ್ಲಿ ಅವಳಿಗಾಗಿ ಹೊತ್ತಿಸಿದ ಕುಂಡವು ತಿಳಿನೀರಿನ ಕೊಳವೇ ಆಯಿತು. ಇವು ಸತ್ಯದ ಮಹಿಮೆಯನ್ನು ಮನಸ್ಸಿಗೆ ಮುಟ್ಟಿಸುವ ಕಥೆಗಳು, ಅವುಗಳಲ್ಲಿ ನನಗೆ ಅಪಾರವಾದ ಗೌರವವುಂಟು. ಆದರೆ ಅವುಗಳನ್ನು ತಿರುಗಿಸಿ ಓದಿದಾಗ, ಅಂದರೆ ಸುಟ್ಟವಳು ಸೀತೆಯಲ್ಲ, ಬೆಂದ ಮಗು ಪ್ರಹ್ಲಾದನಲ್ಲ ಎಂಬ ನಿರ್ಣಯಕ್ಕೆ ಅವನ್ನು ಬಳಸಿದಾಗ, ಕಥೆಯು ವಿಷವಾಗುತ್ತದೆ.

ಮಹಾಭಾರತದಲ್ಲಿ ಇದಕ್ಕೆ ಪ್ರತಿಯಾಗಿ ಇನ್ನೊಂದು ಬೆಂಕಿಯ ಕಥೆಯಿದೆ. ನಾವು ಅದನ್ನು ಸಂತೋಷದಿಂದ ಓದಿ, ಅದರೊಳಗಿನ ಒಂದು ಸಂಗತಿಯನ್ನು ದಾಟಿಕೊಂಡು ಹೋಗುತ್ತೇವೆ. ವಾರಣಾವತದ ಅರಗಿನ ಮನೆಯಿಂದ ಪಾಂಡವರು ತಪ್ಪಿಸಿಕೊಂಡ ರಾತ್ರಿ ಕುಂತಿಯು ಅನ್ನದಾನವನ್ನು ಮಾಡಿದ್ದಳು. ಊಟಕ್ಕೆಂದು ಬಂದವರಲ್ಲಿ ಒಬ್ಬ ಬೇಡಿತಿಯೂ ಅವಳ ಐದು ಮಂದಿ ಮಕ್ಕಳೂ ಇದ್ದರು. ಅವರು ಉಂಡು, ಕುಡಿದು, ಅಲ್ಲಿಯೇ ಮಲಗಿಬಿಟ್ಟರು. ಭೀಮನು ಮನೆಗೆ ಬೆಂಕಿಯಿಟ್ಟು ತಾಯಿಯನ್ನೂ ಅಣ್ಣತಮ್ಮಂದಿರನ್ನೂ ಸುರಂಗದಿಂದ ಸಾಗಿಸಿದನು. ಬೆಳಗಾದ ಮೇಲೆ ಊರಿನವರು ಬೂದಿಯನ್ನು ಕೆದಕಿ ಆರು ಹೆಣಗಳನ್ನು ಕಂಡು, ಕುಂತಿಯೂ ಪಾಂಡವರೂ ಸತ್ತರೆಂದು ಅತ್ತರು. ಆ ಆರು ಮಂದಿಗಾಗಿ ಅತ್ತವರು ಯಾರೂ ಇಲ್ಲ. ಅವರಿಗೆ ಕವಿಯು ಹೆಸರನ್ನೂ ಕೊಟ್ಟಿಲ್ಲ. ಮೂಲಭಾರತವು ಆ ತಾಯಿಯು ಕಾಲಪ್ರೇರಿತಳಾಗಿ ಅಲ್ಲಿಗೆ ಬಂದಳೆಂದು ಹೇಳುತ್ತದೆ. ಕಾಲವು ಪ್ರೇರಿಸಿದ್ದಿರಬಹುದು. ಆದರೆ ಆ ಮನೆಯನ್ನು ಅರಗಿನಿಂದ ಕಟ್ಟಿಸಿದವನು ದುರ್ಯೋಧನ, ಕಟ್ಟಿಸಿಕೊಟ್ಟವನು ಪುರೋಚನ, ಕೊಳ್ಳಿಯನ್ನಿಟ್ಟವನು ಭೀಮ. ಕಥೆಯು ಈ ಮೂವರ ಹೆಸರನ್ನೂ ನಮಗೆ ಹೇಳಿದೆ. "ಕಾಲ" ಎಂಬ ಉತ್ತರದಿಂದ ತೃಪ್ತರಾಗಿ ಈ ಹೆಸರುಗಳನ್ನು ನಾವು ಕೈಬಿಟ್ಟೆವಾದರೆ ಅದು ಕಥೆಯ ದೋಷವಲ್ಲ, ಓದುಗರ ದೋಷ.

ಇಂದಿನ ವಾರ್ಡುಗಳಲ್ಲಿಯೂ ಹೆಸರಿಸಬಹುದಾದ ಕಾರಣಗಳೇ ತುಂಬಿವೆ. ನೆಲದ ಮೇಲೆ ಹೂಡಿದ ಒಲೆ, ಕೈಗೆಟುಕುವಲ್ಲಿ ಇಳಿಸಿಟ್ಟ ಸಾರಿನ ಪಾತ್ರೆ, ಬಚ್ಚಲಿನಲ್ಲಿ ಬೆರಕೆ ಮಾಡುವ ಮೊದಲೇ ಬಕೆಟ್ಟಿಗೆ ಸುರಿದ ಕುದಿನೀರು, ಇವು ಮಕ್ಕಳನ್ನು ಇಲ್ಲಿಗೆ ತರುತ್ತವೆ. ಮೇಲಿನಿಂದ ಪಾತ್ರೆಯನ್ನು ಎಳೆದುಕೊಂಡ ಮಗುವಿಗೆ ಮುಖ, ಕುತ್ತಿಗೆ, ಎದೆ, ಒಂದು ತೋಳು ಬೆಂದಿರುತ್ತವೆ. ಗಾಯವು ಕೆಳಗಿಳಿದಂತೆಲ್ಲ ಕಿರಿದಾಗುತ್ತದೆ, ಏಕೆಂದರೆ ಬಿಸಿಯೂ ಹರಿಯುತ್ತ ಆರುತ್ತದೆ. ಗಾಯದ ಆಕಾರವೊಂದರಿಂದಲೇ ನಡೆದ ಸಂಗತಿಯನ್ನು ಅನುಭವಿಯಾದ ವೈದ್ಯನು ಓದಬಲ್ಲನು. ಮೂರ್ಛೆರೋಗವುಳ್ಳವರು ಔಷಧವಿಲ್ಲದೆಯೋ ಔಷಧ ಬಿಟ್ಟೋ ಉರಿಯುವ ಒಲೆಯ ಮೇಲೆ ಬಿದ್ದು ಬರುತ್ತಾರೆ. ವಿದ್ಯುತ್ ಕಂಬವನ್ನೇರಿದ ಕೆಲಸಗಾರರು ಅಂಗೈಯಲ್ಲಿ ಒಂದು ಸಣ್ಣ ಗಾಯವನ್ನೂ ಒಳಗೆ ಬೆಂದ ಮಾಂಸವನ್ನೂ ಹೊತ್ತು ಬರುತ್ತಾರೆ. ದೀಪಾವಳಿಯ ರಾತ್ರಿಗಳಲ್ಲಿ ಹುಡುಗರು ಬರುತ್ತಾರೆ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದಾಗ ತೀರಿಕೊಂಡ 90ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಮಕ್ಕಳು. ಆನೆಯನ್ನೂ ವಿದೂಷಕನನ್ನೂ ನೋಡಬಂದ ಅಷ್ಟು ಮಕ್ಕಳ ಪೂರ್ವಕರ್ಮವು ಒಂದೇ ಮಧ್ಯಾಹ್ನ ಒಂದೇ ಡೇರೆಯಲ್ಲಿ ಪಕ್ವವಾಯಿತೆಂದು ನಂಬುವುದಕ್ಕಿಂತ, ಬೇಗನೆ ಹೊತ್ತಿಕೊಳ್ಳುವ ಡೇರೆಯೊಳಗೆ ಅವರನ್ನು ಕೂರಿಸಿದ್ದೆವೆಂದು ಒಪ್ಪಿಕೊಳ್ಳುವುದು ಹೆಚ್ಚು ಸತ್ಯವೂ ಹೆಚ್ಚು ಧಾರ್ಮಿಕವೂ ಆದದ್ದೆಂದು ನನ್ನ ಮತ.

ಇವೆಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ, ವರ್ಷವಿಡೀ, ಹಬ್ಬವೆಂದೂ ಬೇಸಿಗೆಯೆಂದೂ ಇಲ್ಲದೆ ಬಂದವರು ಎಳೆಯ ಹೆಂಗಸರು. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ 2001ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ ಬೆಂಕಿಯಿಂದ ಸುಮಾರು 1,63,000 ಮಂದಿ ಸತ್ತರು. ಅವರಲ್ಲಿ ಸುಮಾರು 1,06,000 ಮಂದಿ ಹೆಂಗಸರು, ಬಹುಪಾಲು 15ರಿಂದ 34ರ ನಡುವಿನ ವಯಸ್ಸಿನವರು. ಅಡಿಗೆ ಮಾಡುವವರು ಹೆಂಗಸರು, ಉಡುವುದು ಸೀರೆ, ಅದರಲ್ಲಿಯೂ ನೈಲಾನು ಕರಗಿ ಮೈಗೆ ಅಂಟುತ್ತದೆ ಎಂಬುದೆಲ್ಲ ನಿಜ. ಆದರೆ ಅತ್ತೆಯೂ ಅಡಿಗೆ ಮಾಡುತ್ತಾಳೆ, ಅಜ್ಜಿಯೂ ಸೀರೆಯನ್ನೇ ಉಡುತ್ತಾಳೆ. ಬೆಂಕಿಯು ಹೊಸದಾಗಿ ಮದುವೆಯಾದವಳನ್ನೇ ಹುಡುಕಿಕೊಂಡು ಬಂದುದಕ್ಕೆ ಒಲೆಯಿಂದ ಹೊರಗೆ ಕಾರಣವನ್ನು ಅರಸಬೇಕು. 1961ರಲ್ಲಿ ವರದಕ್ಷಿಣೆಯ ನಿಷೇಧವಾಯಿತು. 1983ರಲ್ಲಿ ಗಂಡನ ಮನೆಯವರ ಕ್ರೌರ್ಯವನ್ನೂ 1986ರಲ್ಲಿ ಮದುವೆಯಾದ ಏಳು ವರ್ಷಗಳೊಳಗಿನ ವರದಕ್ಷಿಣೆ ಸಾವನ್ನೂ ದಂಡಸಂಹಿತೆಯು ಪ್ರತ್ಯೇಕ ಅಪರಾಧಗಳೆಂದು ಹೆಸರಿಸಿತು. ಆಮೇಲೂ ಪೊಲೀಸು ದಫ್ತರಗಳಲ್ಲಿ "ಸ್ಟೌ ಸಿಡಿದು" ಎಂಬ ಎರಡು ಮಾತುಗಳು ಮತ್ತೆ ಮತ್ತೆ ಬರೆಯಲ್ಪಟ್ಟವು. ಬೆಂಗಳೂರಿನ ವಿಮೋಚನಾ ಸಂಸ್ಥೆಯ ಹೆಂಗಸರು 1990ರ ದಶಕದಲ್ಲಿ ಇಂಥ ಸಾವುಗಳನ್ನು ಒಂದೊಂದಾಗಿ ವಿಚಾರಿಸಿ, ಆಕಸ್ಮಿಕವೆಂದು ಮುಚ್ಚಿದ ಕಡತಗಳ ಹಿಂದೆ ಏನಿದೆಯೆಂದು ಕೇಳತೊಡಗಿದ್ದು ನಮ್ಮ ನಾಡಿನ ಸಾರ್ವಜನಿಕ ಜೀವನದ ಒಂದು ದೊಡ್ಡ ಪುಣ್ಯಕಾರ್ಯ.

ಸುಟ್ಟವಳು ಬದುಕುವುದು ಕಷ್ಟವೆಂದು ತೋರಿದಾಗ, ಅವಳ ಮನಸ್ಸು ಸ್ಥಿಮಿತದಲ್ಲಿದೆಯೆಂದು ವೈದ್ಯನು ಬರೆದುಕೊಟ್ಟ ಮೇಲೆ, ತಹಸೀಲ್ದಾರರೋ ಮತ್ತೊಬ್ಬ ಅಧಿಕಾರಿಯೋ ಬಂದು ಅವಳ ಹೇಳಿಕೆಯನ್ನು ಬರೆದುಕೊಳ್ಳುತ್ತಾರೆ. ಸಾಯುವ ಮನುಷ್ಯನು ಸುಳ್ಳಾಡನೆಂಬುದು ಆ ನ್ಯಾಯದ ತಳಹದಿ. ಆದರೆ ಮಂಚದ ಆ ಬದಿಯಲ್ಲಿ ಗಂಡನ ಮನೆಯವರು ನಿಂತಿರುತ್ತಾರೆ. ಹಾಲು ಕುಡಿಯುವ ಮಗು ಅವರ ಮನೆಯಲ್ಲಿರುತ್ತದೆ. ತಾನು ಬದುಕಿದರೆ ಹಿಂದಿರುಗಬೇಕಾದದ್ದೂ ಆ ಮನೆಗೇ. ಅವಳು ಒಲೆಯ ಮೇಲೆ ತಪ್ಪು ಹೊರಿಸುತ್ತಾಳೆ. ಸೀಮೆಎಣ್ಣೆಯ ವಾಸನೆ ಕೂದಲಲ್ಲಿದ್ದರೂ, ಸೆರಗಿಗೆ ಹತ್ತಿದ ಬೆಂಕಿ ಕೆಳಗಿನಿಂದ ಏರಬೇಕಾದಲ್ಲಿ ತಲೆ ಭುಜಗಳೇ ಹೆಚ್ಚಾಗಿ ಬೆಂದಿದ್ದರೂ, ಅವಳ ಮಾತು ಒಲೆಯನ್ನೇ ಹೇಳುತ್ತದೆ. ಕೆಲವರು ಯಾರ ಹೆಸರನ್ನೂ ಹೇಳದೆ "ನನ್ನ ಹಣೆಬರಹ" ಎಂದುಬಿಡುತ್ತಾರೆ. ಮದುವೆಯ ದಿನ ಸಾಕ್ಷಿಯಾಗಿ ನಿಂತ ಅಗ್ನಿಯು ಈಗ ಮಾತಾಡಲಾರನು. ಮಾತಾಡಬೇಕಾದವರು, ಅಂದರೆ ಪಕ್ಕದ ಮನೆಯವರು, ಅಳುವನ್ನು ಗೋಡೆಯಾಚೆಯಿಂದ ತಿಂಗಳುಗಟ್ಟಲೆ ಕೇಳಿದವರು, "ಅವರವರ ಕರ್ಮ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಈ ಕರ್ಮವೆಂಬ ಮಾತನ್ನೇ ಈಗ ಪರಿಶೀಲಿಸಬೇಕಾಗಿದೆ. ಕರ್ಮಸಿದ್ಧಾಂತವನ್ನು ಹಗುರವಾಗಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಅದು ಲಕ್ಷಾಂತರ ದುಃಖಿಗಳನ್ನು ಹುಚ್ಚಿನಿಂದ ಕಾಪಾಡಿದೆ. ತನ್ನ ನೋವಿಗೆ ತಾನೇ ಹಿಂದೆಂದೋ ಬೀಜ ಬಿತ್ತಿದ್ದೆನೆಂದು ನಂಬಿದವನು ಲೋಕವನ್ನು ಶಪಿಸದೆ ಸಹಿಸುವ ಬಲವನ್ನು ಪಡೆದಿದ್ದಾನೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಈ ಸಿದ್ಧಾಂತವು ಯಾವ ಸಂದರ್ಭದಲ್ಲಿ ಬರುತ್ತದೆಂಬುದನ್ನು ನೋಡಬೇಕು. ಒಬ್ಬನಿಗೆ ಸುಖ, ಒಬ್ಬನಿಗೆ ಅಸಹ್ಯವಾದ ದುಃಖ, ಇಂಥ ಜಗತ್ತನ್ನು ಸೃಷ್ಟಿಸಿದ ಈಶ್ವರನಿಗೆ ಪಕ್ಷಪಾತವೂ ನಿರ್ದಯತೆಯೂ ಅಂಟಿಕೊಳ್ಳವೆ ಎಂಬ ಆಕ್ಷೇಪಕ್ಕೆ, ಅವನು ಜೀವರ ಕರ್ಮಗಳನ್ನು ಅಪೇಕ್ಷಿಸಿ ಸೃಷ್ಟಿಸುತ್ತಾನಾದ್ದರಿಂದ ಅಂಟವು ಎಂಬುದು ಸಮಾಧಾನ. ಎಂದರೆ ಈಶ್ವರನನ್ನು ಕ್ರೌರ್ಯದ ಆರೋಪದಿಂದ ಬಿಡಿಸುವುದಕ್ಕಾಗಿ ನಮ್ಮ ದಾರ್ಶನಿಕರು ಆ ವಾದವನ್ನು ಹೂಡಿದರು. ನಾವು ಅದನ್ನು ಗಂಡನನ್ನೂ ಅತ್ತೆಯನ್ನೂ, ಕಳಪೆ ಒಲೆಯನ್ನು ಮಾರಿದವನನ್ನೂ, ಮುರಿದ ತಂತಿಯನ್ನು ಕಂಡೂ ಸುಮ್ಮನಿದ್ದ ಅಧಿಕಾರಿಯನ್ನೂ ಬಿಡಿಸುವುದಕ್ಕೆ ಬಳಸುತ್ತಿದ್ದೇವೆ. ಈಶ್ವರನಿಗೆಂದು ಕಟ್ಟಿದ ಆಶ್ರಯದಲ್ಲಿ ಅಪರಾಧಿಗಳು ಮಲಗಿದ್ದಾರೆ.

ಎಲ್ಲ ನೋವೂ ಪೂರ್ವಕರ್ಮದಿಂದಲೇ ಎಂಬ ಮಾತನ್ನು ಪ್ರಾಚೀನರೆಲ್ಲರೂ ಒಪ್ಪಿರಲೂ ಇಲ್ಲ. ಸೀವಕನೆಂಬ ಪರಿವ್ರಾಜಕನು ಇದನ್ನೇ ಕೇಳಿದಾಗ ಬುದ್ಧನು, ಪಿತ್ತದಿಂದ ಬರುವ ನೋವುಂಟು, ಕಫವಾತಗಳಿಂದ ಬರುವುದುಂಟು, ಋತುವಿನ ಬದಲಾವಣೆಯಿಂದ, ಅಜಾಗರೂಕತೆಯಿಂದ, ಇತರರ ಹಲ್ಲೆಯಿಂದ ಬರುವುದುಂಟು, ಕರ್ಮವಿಪಾಕದಿಂದ ಬರುವುದೂ ಉಂಟು ಎಂದು ವಿಂಗಡಿಸಿ ಹೇಳಿ, ಎಲ್ಲವನ್ನೂ ಕರ್ಮಕ್ಕೇ ಕಟ್ಟುವವರು ಕಣ್ಣಿಗೆ ಕಂಡ ಸತ್ಯವನ್ನು ಮೀರುತ್ತಾರೆಂದು ತಿಳಿಸಿದನೆಂದು ಪಾಳಿ ಗ್ರಂಥಗಳಲ್ಲಿದೆ. ಅಜಾಗರೂಕತೆ, ಹಲ್ಲೆ: ಸುಟ್ಟಗಾಯದ ವಾರ್ಡಿನ ದಾಖಲೆಪುಸ್ತಕದಲ್ಲಿ ಕಾರಣವೆಂಬ ಅಂಕಣವನ್ನು ತುಂಬುವುದು ಬಹುಮಟ್ಟಿಗೆ ಈ ಎರಡೇ. ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ ಆಯುಸ್ಸು ನಿಯತವೋ ಅಲ್ಲವೋ ಎಂದು ಅಗ್ನಿವೇಶನು ಗುರುವನ್ನು ಕೇಳುತ್ತಾನೆ. ದೈವವೂ ಪುರುಷಕಾರವೂ ಎರಡೂ ಸೇರಿಯೇ ಆಯುಸ್ಸು. ಎಲ್ಲವೂ ಮೊದಲೇ ಗೊತ್ತಾಗಿದ್ದರೆ ಔಷಧವೇಕೆ, ಅಪಾಯದಿಂದ ದೂರ ಸರಿಯುವುದೇಕೆ ಎಂಬುದು ಆತ್ರೇಯನ ಉತ್ತರದ ಸಾರ. ವೈದ್ಯನಾದವನು ಬೇರೆ ರೀತಿಯಲ್ಲಿ ಯೋಚಿಸಲಾರನು. ರೋಗಿಯ ಮಗ್ಗುಲಲ್ಲಿ ನಿಂತು ಪೂರ್ಣನಿಯತಿಯನ್ನು ನಂಬುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ.

ಬೆಂಕಿಯಲ್ಲಿ ಬೆಂದ ಹೆಣ್ಣನ್ನು ನಮ್ಮ ನಾಡು ನಿಂದಿಸುವುದರ ಜೊತೆಗೆ ಪೂಜಿಸಿದೆ ಕೂಡ, ಅದೂ ಅಪಾಯಕರವೇ. ಕರ್ನಾಟಕದ ಊರುಗಳ ಹೊರಗೆ ನಿಂತ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳೊಂದನ್ನು ಕಾಣುತ್ತೇವೆ. ಕಲ್ಲಿನ ತೋಳಿನಲ್ಲಿ ಬೊಬ್ಬೆಯಿಲ್ಲ. 1057ರ ಬೆಳತೂರು ಶಾಸನದ ದೇಕಬ್ಬೆಯು ಗಂಡನು ಸತ್ತನೆಂದು ಕೇಳಿ ಬೆಂಕಿಯನ್ನು ಹೊಕ್ಕ ಕಥೆಯನ್ನು ವಿದ್ಯಾರ್ಥಿಗಳೂ ಬಲ್ಲರು; ಅವಳ ದೃಢತೆಯನ್ನು ಕವಿಯು ಕೊಂಡಾಡಿದ್ದಾನೆ. ಆದರೆ ಬೇಡವೆಂದು ಹೆತ್ತವರು ಅವಳನ್ನು ಅಂಗಲಾಚಿದರೆಂಬ ಸಂಗತಿಯನ್ನೂ ಅದೇ ಶಾಸನ ಉಳಿಸಿದೆ. ಒಂಬೈನೂರು ವರ್ಷಗಳಿಂದ ನಾವು ಮಗಳನ್ನು ಹೊಗಳಿದ್ದೇವೆ. ಧರ್ಮದ ದೃಷ್ಟಿಯಿಂದ ಆ ತಂದೆತಾಯಿಗಳ ಮಾತಿಗೆ ಹೆಚ್ಚಿನ ತೂಕವುಂಟೆಂದು ನನಗೆ ತೋರುತ್ತದೆ.

ಹಾಗಾದರೆ ಕರ್ಮವೆಂಬುದಕ್ಕೆ ಈ ವಾರ್ಡಿನಲ್ಲಿ ಸ್ಥಾನವೇ ಇಲ್ಲವೆ? ಉಂಟು; ಅದು ಹಿಂದಕ್ಕೆ ತಿರುಗಿದ ದೃಷ್ಟಿಯಲ್ಲಿಲ್ಲ. ಒಬ್ಬನು ತನ್ನ ನೋವನ್ನು ಕುರಿತು ತಾನೇ ಹೇಳಿಕೊಂಡಾಗ ಆ ಮಾತಿಗೆ ಪಾವಿತ್ರ್ಯವಿದೆ. ಬೇರೊಬ್ಬನ ನೋವನ್ನು ಕುರಿತು ಹೇಳಿದಾಗ ಇಲ್ಲ. ಮುಂದಕ್ಕೆ ನೋಡಿದರೆ ಮಾಡಬೇಕಾದ ಕರ್ಮಗಳು ಎಷ್ಟೋ ಇವೆ. ನೆಲದ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸುವುದು ಕರ್ಮ. ಬಕೆಟ್ಟಿಗೆ ತಣ್ಣೀರನ್ನು ಮೊದಲು ಹಾಕುವುದು ಕರ್ಮ. ಮೂರ್ಛೆರೋಗದ ಮಗಳಿಗೆ ಮಾತ್ರೆಯನ್ನು ತಪ್ಪದೆ ಕೊಟ್ಟು ಒಲೆಯ ಮುಂದಿನಿಂದ ಅವಳನ್ನು ಬಿಡಿಸುವುದು ಕರ್ಮ. ಸುಟ್ಟ ಕೈಗೆ ಶಾಯಿ, ಟೂತ್‌ಪೇಸ್ಟು, ಬೆಣ್ಣೆಗಳನ್ನು ಬಳಿಯದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯುವಷ್ಟು ತಿಳಿವಳಿಕೆಯೂ ಒಂದು ಧರ್ಮಾಚರಣೆಯೇ. ಗೋಡೆಯಾಚೆಯ ಅಳುವನ್ನು ಕೇಳಿ ಬಾಗಿಲು ತಟ್ಟುವುದು ಇವೆಲ್ಲಕ್ಕಿಂತ ಕಷ್ಟ, ಇವೆಲ್ಲಕ್ಕಿಂತ ಆವಶ್ಯಕ.

ಇನ್ನೊಂದು ಕರ್ಮವುಂಟು, ಅದನ್ನು ಮಾಡಲು ಕರ್ತೃವು ಬದುಕಿರಬೇಕಾಗಿಲ್ಲ, ಬದುಕಿದ್ದಾಗ ಒಪ್ಪಿಗೆಯನ್ನು ಮನೆಯವರಿಗೆ ಹೇಳಿಟ್ಟಿದ್ದರೆ ಸಾಕು. ತೀರಿಕೊಂಡವರ ತೊಡೆ ಕಾಲು ಬೆನ್ನುಗಳಿಂದ ಚರ್ಮದ ತೆಳ್ಳನೆಯ ಪದರವೊಂದನ್ನು, ಸಾವಾದ ಆರು ಗಂಟೆಗಳೊಳಗೆ, ತೆಗೆದಿಡಬಹುದು. ರಕ್ತದ ಗುಂಪು ಹೊಂದಬೇಕಾಗಿಲ್ಲ, ದೇಹವು ವಿಕಾರವಾಗುವುದಿಲ್ಲ, ಸಂಸ್ಕರಿಸಿ ಗ್ಲಿಸರಾಲಿನಲ್ಲಿ ತಣ್ಣಗಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇಂಥ ಚರ್ಮನಿಧಿ ಇದೆ. ದೇಹವು ಅಖಂಡವಾಗಿಯೇ ಅಗ್ನಿಗೆ ಸಲ್ಲಬೇಕು, ಊನವಾದ ಆಹುತಿ ಸಲ್ಲದು ಎಂದು ಸಂಕೋಚಪಡುವ ಶ್ರದ್ಧಾಳುಗಳಿದ್ದಾರೆ. ಅವರ ಶ್ರದ್ಧೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಆಹುತಿಗೆ ಮೊದಲು ಅತಿಥಿಗೆ ಕೊಟ್ಟು ಉಳಿದದ್ದು ಊನವಾಯಿತೆಂದು ಯಾವ ಗೃಹಸ್ಥನೂ ತಿಳಿದಿರಲಿಲ್ಲ. ಆ ಚರ್ಮವು ಸುಟ್ಟವರ ಮೈಮೇಲೆ ಶಾಶ್ವತವಾಗಿ ನಿಲ್ಲುವುದೂ ಇಲ್ಲ. ಕೆಲವು ವಾರಗಳ ಕಾಲ ನೀರನ್ನು ಹಿಡಿದು, ನಂಜನ್ನು ತಡೆದು, ನೋವನ್ನು ತಗ್ಗಿಸಿ, ಕೆಳಗೆ ಹೊಸ ಚರ್ಮ ಬೆಳೆಯುವವರೆಗೆ, ಇಲ್ಲವೆ ರೋಗಿಯ ಮೈಯಿಂದಲೇ ತೆಗೆದ ಚರ್ಮವನ್ನು ಹೊದಿಸುವವರೆಗೆ ಇದ್ದು, ಆಮೇಲೆ ತಾನಾಗಿ ಕಳಚಿಹೋಗುತ್ತದೆ.